ಎಪ್ಪತ್ತರ ನಳಿಗೆ

ಶನಿವಾರ, ನವೆಂಬರ್ ೧೮

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಉತ್ತರ ತಡವಾದದ್ದಕ್ಕೆ ಬೈದುಕೋ, ಪರವಾಗಿಲ್ಲ. ಬಂದೂಕು ರಿಪೇರಿ ಅಂಗಡಿ ಮುಚ್ಚಿಸಿ ಅಪ್ಪನನ್ನು ನಿನ್ನ ಮನೆಗೆ ಕರೆದೊಯ್ಯುತ್ತೇನೆ ಎಂದು ಬರೆದಿದ್ದೆಯಲ್ಲ, ಆಗಲಿ. ಈ ಸಲ ನಾನು ಅಡ್ಡ ಬರುವುದಿಲ್ಲ. ಯಾಕೆಂದು ಹೇಳುತ್ತೇನೆ.

ಹೋದ ತಿಂಗಳು ಹಣ್ಣಿನ ತೋಟ ಕಾಯುವ ಹೆಂಗಸೊಬ್ಬಳು ತನ್ನ ಪಂಪ್ ಬಂದೂಕು ತಂದಿದ್ದಳು. ಬಂಡೆಯ ಮೇಲೆ ಬಿದ್ದು ನಳಿಗೆ ಸೊಟ್ಟಗಾಗಿತ್ತು. ಹಳೇ ಸಾಮಾನಿನವನ ಹತ್ತಿರ ಅದೇ ಕಂಪನಿಯ ಇನ್ನೊಂದು ನಳಿಗೆ ಸಿಕ್ಕಿತು. ನಳಿಗೆ ಬಿಗಿಯುವ ಉಂಗುರ ಸರಿಯಾಗಿ ಕೂತಿತು, ಹಿಡಿ ಎಳೆದರೆ ಬೆಣ್ಣೆಯಂತೆ ಜಾರಿತು. ಅಪ್ಪನಿಗೆ ಖುಷಿಯೋ ಖುಷಿ. ‘ಉದ್ದದ ಗುಂಡಿನ ತೋಟಾನೇ ಹಾಕಮ್ಮ, ಏನಾಗಲ್ಲ’ ಎಂದು ಕಳಿಸಿಕೊಟ್ಟರು.

ಒಂಬತ್ತು ದಿನದ ಮೇಲೆ ಹಳೇ ಸಾಮಾನಿನವನು ಬಂದ. ‘ಆ ಎಪ್ಪತ್ತರ ನಳಿಗೆ ಯಾವ ಬಂದೂಕಿಗೆ ಕೂರ್ತು?’ ಎಂದು ಸುಮ್ಮನೆ ಕೇಳಿದ. ಆಕೆಯ ಬಂದೂಕಿಗೆ ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡು ಎಪ್ಪತ್ತಾರು ಮಿಲಿಮೀಟರ್ ಇರಬೇಕು, ಆಕೆ ಹಾಕುವ ತೋಟಾನೂ ಅಷ್ಟೇ ಉದ್ದದ್ದು.

ನೀನು ಈ ಕೆಲಸದ ಹತ್ತಿರ ಸುಳಿದವಳಲ್ಲ, ಬಿಡಿಸಿ ಹೇಳುತ್ತೇನೆ. ತೋಟಾದ ಮೇಲೆ ಬರೆದಿರುವುದು ಅದು ಹಾರಿದ ಮೇಲಿನ ಉದ್ದ. ಮುಂಚೆ ಬಾಯಿ ಮಡಿಸಿಕೊಂಡು ಗಿಡ್ಡಗಿರುತ್ತದೆ. ಅದಕ್ಕೇ ಎಪ್ಪತ್ತಾರರದ್ದು ಎಪ್ಪತ್ತರ ಗೂಡಿನಲ್ಲೂ ಸಲೀಸಾಗಿ ಕೂತು ಮೋಸ ಮಾಡುತ್ತದೆ. ಹಾರುವಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒಳಗೇ ಒತ್ತಡ ಏರುತ್ತದೆ. ಕೆನ್ನೆ ಒತ್ತಿ ಹಿಡಿದಿರುತ್ತಾರಲ್ಲ, ಅದರ ಪಕ್ಕದಲ್ಲೇ.

ಆಕೆ ಫೋನ್ ಎತ್ತಲಿಲ್ಲ. ಅಪ್ಪ ಎಣ್ಣೆ ಬಟ್ಟೆ ಕೆಳಗಿಟ್ಟು ಚಪ್ಪಲಿ ಮೆಟ್ಟಿದರು. ಎರಡು ಬಸ್ಸು ಬದಲಿಸಿ, ಒಂದು ಗಂಟೆ ನಡೆದೆವು. ದಾರಿಯಲ್ಲಿ ಅವರು ಎರಡು ಸಲ ಎಡವಿದರು. ಕೈ ಕೊಡಲು ಹೋದರೆ ಕೊಡವಿಕೊಂಡರು.

ಆಕೆ ಪೆಟ್ಟಿಗೆಗಳ ಷೆಡ್ಡಿನ ಮುಂದೆ ಕೂತು ಎಡಗೈಲಿ ಚಹಾ ಕುಡಿಯುತ್ತಿದ್ದಳು. ಬಲ ಭುಜ ನೇರಳೆ ಬಣ್ಣಕ್ಕೆ ತಿರುಗಿತ್ತು. ‘ನಾಲ್ಕು ಹಾರಿಸ್ದೆ. ವಯಸ್ಸಾಯ್ತಲ್ಲ, ಅದಕ್ಕೇ ಇಷ್ಟು ಒದೀತಿದೆ ಅಂದ್ಕೊಂಡೆ’ ಎಂದಳು. ಖಾಲಿ ತೋಟಾಗಳ ಬಾಯಿ ಹರಿದು ಚಿಂದಿಯಾಗಿತ್ತು. ನಳಿಗೆಯ ಬುಡ ಉಬ್ಬಿತ್ತು. ಐದನೆಯದನ್ನು ಹಾರಿಸಿದ್ದರೆ ಎಂದು ಈಗಲೂ ಯೋಚಿಸಲಾರೆ.

ಅಪ್ಪ ಬೆರಳಿನಿಂದ ಆ ಉಬ್ಬನ್ನು ಸವರಿದರು. ಆಮೇಲೆ ಕೈ ಮುಗಿದು, ‘ತಪ್ಪು ನಂದಮ್ಮ. ಕಣ್ಣು ಕೈಕೊಡ್ತು’ ಎಂದರು. ‘ಕಣ್ಣಿಗೆಲ್ಲಿ ಕೈ ಬಂತು ಯಜಮಾನ್ರೇ’ ಎಂದು ಆಕೆ ನಕ್ಕಳು, ಪುಣ್ಯಾತ್ಗಿತ್ತಿ. ಅಪ್ಪ ನಗಲಿಲ್ಲ.

ಬಂದೂಕು ವಾಪಸು ತಂದೆವು. ಸರಿಯಾದ ನಳಿಗೆ ಹುಡುಕಿ ನಾನೇ ಕೂರಿಸಿದೆ. ಗೂಡಿನೊಳಗೆ ಅಳತೆ ಕಡ್ಡಿ ಇಳಿಸಿ ಮೂರು ಸಲ ನೋಡಿದೆ. ಅಪ್ಪ ದೀಪ ಹಿಡಿದು ನಿಂತರೇ ಹೊರತು ಬಂದೂಕು ಮುಟ್ಟಲಿಲ್ಲ. ಅಂದಿನಿಂದ ಯಾವುದನ್ನೂ ಮುಟ್ಟಿಲ್ಲ. ಬೆಳಗ್ಗೆ ಷಟರ್ ಎತ್ತುತ್ತಾರೆ, ಕುರ್ಚಿ ಎಳೆದುಕೊಂಡು ಕೂರುತ್ತಾರೆ, ಸಂಜೆ ಇಳಿಸುತ್ತಾರೆ. ಗಿರಾಕಿ ಬಂದರೆ ನನ್ನ ಕಡೆ ಕೈ ತೋರಿಸುತ್ತಾರೆ.

ನನಗೂ ಸಾಕಾಗಿದೆ ಅಕ್ಕಾ. ಆರು ವರ್ಷದಿಂದ ನಾನು ಅವರ ಕನ್ನಡಕ. ದಿನಕ್ಕೆ ನಲವತ್ತು ಸಲ ಇದೇನು ಓದು, ಅದೇನು ಓದು. ನಿನ್ನ ಮನೆಯಲ್ಲಿ ಮಕ್ಕಳಿದ್ದಾರೆ, ಮಾತಿದೆ. ಕಣ್ಣಿನ ವಿಷಯ ನೀನೇ ಎತ್ತಿ ಒಪ್ಪಿಸು. ನನ್ನ ಮಾತು ಕೇಳುವುದಿಲ್ಲ. ಮುಂದಿನ ಭಾನುವಾರ ಬಂದುಬಿಡು.

ಇಂತಿ ನಿನ್ನ ತಂಗಿ,
ಮೊಂಡಿ

ಮರೆತ ಮಾತು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಆ ನಳಿಗೆ ಕೂರಿಸಿದ ದಿನವೂ ಅಪ್ಪ ಅದನ್ನು ಹಿಡಿದು ‘ಎಷ್ಟಿದೆ ಓದು ಮಗಾ’ ಎಂದಿದ್ದರು. ನಾನು ಊಟಕ್ಕೆ ಕೂತಿದ್ದೆ. ಏಳಲು ಬೇಜಾರಾಗಿ, ತಿರುಗಿಯೂ ನೋಡದೆ ‘ಎಪ್ಪತ್ತಾರು’ ಎಂದುಬಿಟ್ಟೆ. ಆಕೆಯ ಮುಂದಾಗಲಿ, ಬಸ್ಸಿನಲ್ಲಾಗಲಿ, ಮನೆಯಲ್ಲಾಗಲಿ ಅಪ್ಪ ಇದರ ಮಾತೇ ಎತ್ತಿಲ್ಲ. ಈ ಕಾಗದ ಹರಿದು ಬೇರೆ ಬರೆಯಬೇಕಿತ್ತು, ತ್ರಾಣವಿಲ್ಲ. ನೀನು ಬಾ. ಆದರೆ ಅಪ್ಪನ ಮುಂದೆ ಕಣ್ಣಿನ ಮಾತು ತೆಗೆಯಬೇಡ.