ಉಲ್ಟಾ ತಿರುಗುವ ರಿಂಗ್

ಮಾರ್ಚ್ 30, ಯುಗಾದಿ

ಹೊಸ ನೋಟ್‌ಬುಕ್. ಭೀಮಾಬಾಯಿ, ಎಸ್ಸೆಸ್ಸೆಲ್ಸಿ ಪಾಸ್, ಶಹಾಪುರದ ಫೋಟೊ ಸ್ಟುಡಿಯೋದ ಒಡತಿ. ಯಜಮಾನರು ತೀರಿ ಹನ್ನೊಂದು ವರ್ಷ. ಅಂದಿನಿಂದ ಕ್ಯಾಮೆರಾ ನನ್ನ ಕೈಯಲ್ಲಿ. ಈ ಮನೆಯಲ್ಲಿ ನನ್ನ ಮಾತು ಎರಡಾಗುವುದಿಲ್ಲ.

ಮೈದುನ ಬಸವಲಿಂಗ ಸುರಪುರದಿಂದ ಬಂದಿದ್ದ. ಅಲ್ಲಿ ಅವನದೂ ಸ್ಟುಡಿಯೋ. ಕೆಲಸ ಕಲಿತದ್ದು ನಮ್ಮಲ್ಲೇ. ಬ್ಯಾಗಿನಲ್ಲಿ ಬೇರೆ ಕಂಪನಿಯ ಜೂಮ್ ಲೆನ್ಸ್.

"ಅತ್ತಿಗಿ, ನಿಮ್ಮ ಲೆನ್ಸ್ ಅಂದ್ರ ಬೀಸೋಕಲ್ಲು. ಇದು ಹಗುರ. ಕೆಲಸ ಸೇಮ್ ಟು ಸೇಮ್. ಬಸವ ಜಯಂತಿ ತನಕ ಅದಲು ಬದಲು ಮಾಡೂಣು. ಪಸಂದ್ ಬರಲಿಲ್ಲಂದ್ರ ವಾಪಸ್."

ನನ್ನ ಮಣಿಕಟ್ಟಿನ ನೋವು ಅವನಿಗೆ ಗೊತ್ತು. ನನ್ನದು ಕೊಟ್ಟೆ, ಅವನದು ಇಟ್ಟುಕೊಂಡೆ.

ಏಪ್ರಿಲ್ 16, ಸಂಜೆ

ಇಂದಿನ ಮದುವೆಯ ಫೋಟೊ ಹಾಳಾಯಿತು.

ಅಕ್ಕಿಕಾಳು ಬೀಳುವ ಹೊತ್ತು. ಮದುಮಕ್ಕಳನ್ನು ಹತ್ತಿರ ತರಲು ಜೂಮ್ ರಿಂಗ್ ಬಲಕ್ಕೆ ತಿರುಗಿಸಿದೆ — ಹಳೆಯ ರೂಢಿ. ಲೆನ್ಸಿನೊಳಗೆ ಇಬ್ಬರೂ ದೂರ ಓಡಿದರು. ಇದರ ರಿಂಗ್ ಉಲ್ಟಾ. ಎಡಕ್ಕೆ ತಂದೆ. ಅಷ್ಟರಲ್ಲಿ ಆಟೊಫೋಕಸ್ ಮುಖ ಬಿಟ್ಟು ಗಾಳಿಯಲ್ಲಿನ ಕಾಳು ಹಿಡಿದಿತ್ತು. ಹಳೆಯದರಲ್ಲಾದರೆ ಫೋಕಸ್ ರಿಂಗ್ ಬೆರಳಿಂದ ತುಸು ತಳ್ಳಿದರೆ ಸಾಕು. ಇದರಲ್ಲಿ ಮೊದಲು ಸ್ವಿಚ್ ಆಟೊದಿಂದ ಮ್ಯಾನುಯಲ್‌ಗೆ ಹಾಕಬೇಕು. ಹಾಕುವುದರೊಳಗೆ ಬಾಜಾ ನಿಂತಿತ್ತು.

ಅಕ್ಕಿಕಾಳು ಒಂದೊಂದೂ ಸ್ಪಷ್ಟ. ಮುಖಗಳು ಹೊಗೆ.

ಪರೀಕ್ಷೆ ಮಾಡದೆ ಒಯ್ದೆ. ಮೈದುನನ ಮಾತೆಂದು ನಂಬಿ.

ಏಪ್ರಿಲ್ 19

ವನದುರ್ಗದ ಸೂಗಮ್ಮ ಬಂದಿದ್ದಳು. ಬಸವ ಜಯಂತಿಗೆ ಅವಳ ಮಗಳ ಮದುವೆ. ಫೋಟೊಗೆ ನನಗೇ ಹೇಳಿದ್ದಳು. ಈಗ ತಲೆ ಎತ್ತಲೊಲ್ಲಳು.

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ಬಸವಲಿಂಗಣ್ಣಗ ಹೇಳೇವಿ."

"ಯಾಕ?"

"ನಿಮಗ ವಯಸ್ಸಾತಂತ... ಕೈ ನಡಗತಾವಂತ. ಅವರೇ ಅಂದ್ರು."

ಬಸವಲಿಂಗನಿಗೆ ಫೋನ್ ಮಾಡಿದೆ. ರಿಂಗ್ ಉಲ್ಟಾ ಅಂತ ಗೊತ್ತಿತ್ತೇನು? ನಕ್ಕ.

"ಗೊತ್ತಿತ್ರಿ. ನನ್ನ ಕೈಗೂ ಕೂಡಲಿಲ್ಲಂತ ಮೂಲ್ಯಾಗ ಇಟ್ಟಿದ್ನಿ. ನಿಮ್ಮದು ಪಳಗಿದ ಕೈ, ನಡೀತದ ಅನ್ಕೊಂಡ್ನಿ."

ನಗಲಿ.

ಏಪ್ರಿಲ್ 29

ಹತ್ತು ದಿನದಿಂದ ಅಂಗಳದಲ್ಲಿ ಸೊಸೆ ಸೌಭಾಗ್ಯ ಜೋಳ ಎರಚುತ್ತಾಳೆ, ನಾನು ಜೋಳದ ಹಿಂದಿನ ಅವಳ ಮುಖ ಹಿಡಿಯುತ್ತೇನೆ. ಮೊದಲೇ ಫೋಕಸ್ ಮಾಡಿ ಸ್ವಿಚ್ ಮ್ಯಾನುಯಲ್. ಆಮೇಲೆ ಎಡಕ್ಕೆ. ಇಂದು ಒಂದೂ ತಪ್ಪಲಿಲ್ಲ.

"ಅತ್ತಿ, ಕೈಗೆ ಕುಂತದಲ್ರಿ. ಇದನ್ನ ಇಟ್ಕೋರಿ. ಕೋಳಿಗೂ ಜೋಳ ತಿಂದು ತಿಂದು ಸಾಕಾಗೇದ."

"ಇಟ್ಕೊಳ್ಳಾಂಗಿಲ್ಲ. ನಾಳಿಗೆ ವಾಪಸ್."

ಕಲಿತದ್ದು ಬಳಸಲಿಕ್ಕಲ್ಲ. ಒಂದು ಲೆನ್ಸ್ ಭೀಮಾಬಾಯಿಯನ್ನು ಸೋಲಿಸಿತು ಎಂದು ಯಾರೂ ಅನ್ನಬಾರದು.

ಏಪ್ರಿಲ್ 30, ಬಸವ ಜಯಂತಿ

ಕರೆದಿದ್ದರು, ಹೋದೆ. ಕ್ಯಾಮೆರಾ ಹೆಗಲಿಗೆ. ಎಲ್ಲರ ಕೈಗೂ ಅಕ್ಕಿಕಾಳು ಹಂಚಿಯಾಗಿತ್ತು. ಬಸವಲಿಂಗ ಸ್ಟೂಲ್ ಮೇಲೆ ನಿಂತಿದ್ದ, ನನ್ನ ಲೆನ್ಸ್ ಹಾಕಿಕೊಂಡು.

"ಪಸಂದ್ ಬರಲಿಲ್ಲ. ತಗೋ ನಿಂದು. ನಂದು ಕೊಡು."

"ಅತ್ತಿಗಿ, ಈಗೇನ್ರಿ? ಬ್ಯಾರೆ ಲೆನ್ಸ್ ಸುರಪುರದಾಗದ. ಅಕ್ಕಿಕಾಳು ಮುಗೀಲಿ..."

"ಬಸವ ಜಯಂತಿ ತನಕ ಅಂದಾಂವ ಯಾರು? ನೀನ ಹೌದಲ್ಲ?"

ಇಡೀ ಹಂದರ ನೋಡುತ್ತಿತ್ತು. ಬಿಚ್ಚಿ ಕೊಟ್ಟ. ನನ್ನದು ಹಾಕಿಕೊಂಡು ಆಚೆ ಬದಿಗೆ ಹೋಗಿ ನಿಂತೆ.

ಬಾಜಾ ಜೋರಾಯಿತು. ಅವನ ಕೈ ನೋಡಿದೆ. ಬಲಕ್ಕೆ. ಗಾಬರಿಯಿಂದ ಎಡಕ್ಕೆ. ಮತ್ತೆ ಬಲಕ್ಕೆ. ಬೆರಳು ಸ್ವಿಚ್ ಹುಡುಕುತ್ತಿತ್ತು. ನಾನು ಒತ್ತಿದೆ, ಒಂದೇ ಸಲ. ತಲೆ ಮೇಲೆ ಕಾಳು, ಹುಡುಗಿಯ ಕಣ್ಣಲ್ಲಿ ನೀರು — ರೆಪ್ಪೆ ಎಣಿಸಬಹುದು.

ಮೇ 1, ಬೆಳಿಗ್ಗೆ 9

ಬಸವಲಿಂಗನ ಫೋನ್.

"ಅತ್ತಿಗಿ, ಅಕ್ಕಿಕಾಳಿಂದು ಅದೊಂದು ಫೋಟೊ ಕೊಡ್ರಿ. ಆಲ್ಬಮ್ಮಿನ ನಡುವ ಖಾಲಿ ಅದ. ಕಾಲಿಗೆ ಬೀಳ್ತೀನಿ. ಕೈ ಮಾತು ಕೇಳಲಿಲ್ರಿ..."

"ನಡಗತಾವೇನು? ವಯಸ್ಸಾತಲ್ಲ ನಿನಗ."

ನಮ್ಮೂರ ಬಸ್ ಸ್ಟ್ಯಾಂಡಿನಲ್ಲೇ ಇಳಿದಿದ್ದಾನಂತೆ, ಈಗಲೇ ಬರುತ್ತಾನಂತೆ.

ಬರಲಿ. ಆರು ಗಂಟೆಗೇ ಅದನ್ನು ದೊಡ್ಡದಾಗಿ ಪ್ರಿಂಟ್ ತೆಗೆದೆ, ಕಟ್ಟು ಹಾಕಿದೆ, ಕೆಳಗೆ ನಮ್ಮ ಸ್ಟುಡಿಯೋದ ಹೆಸರು. ಸೌಭಾಗ್ಯ ಮೊದಲ ಬಸ್ಸಿಗೆ ಒಯ್ದು ಸೂಗಮ್ಮನ ಕೈಗೆ ಕೊಟ್ಟಿದ್ದಾಳೆ. ಕಂಪ್ಯೂಟರ್‌ನಿಂದ ಅಳಿಸಿದೆ. ಕ್ಯಾಮೆರಾದ ಮೆಮೊರಿ ಕಾರ್ಡಿನಿಂದಲೂ.

ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು. ಖಾಲಿ ಕಾರ್ಡನ್ನು ಅವನಿಗೆ ಕಾಣುವಂತೆ ಮೇಜಿನ ಮೇಲೆ —