ಮೂರು ಮಿಲಿಮೀಟರ್ ಮಿಗಿಸಿದ ಮೆಟ್ಟಿಲು

ಪೆದ್ರೆಗಾಲ್,
ಜೂನ್ 27

ಪ್ರೀತಿಯ ಅಮಾರೊ ಅಣ್ಣನಿಗೆ,

ನೀನೂ ಅತ್ತಿಗೆಯೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಈಸ್ಟರ್ ಹೊತ್ತಿಗೆ ನೀನು ಬರೆದ ಎರಡೇ ಎರಡು ಸಾಲಿನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ಕಲ್ಲುಪುಡಿ ತೊಳೆದು ತೊಳೆದು ನನ್ನ ಕೈ ಒರಟಾಗಿದೆ, ಪೆನ್ನು ನಿಲ್ಲುತ್ತಿಲ್ಲ. ಹೌದು, ನನ್ನ ಕೈಗೇ ಕಲ್ಲುಪುಡಿ! ಆ ಕಥೆ ಹೇಳಲಿಕ್ಕೇ ಕೂತಿದ್ದೇನೆ. ವೀಗೊದ ಆ ಬಾರಿನಲ್ಲಿ ಆಕ್ಟೋಪಸ್ ಬೇಯಿಸುವುದನ್ನು ಸ್ವಲ್ಪ ಬದಿಗಿಟ್ಟು ಕೇಳು.

ಕಲ್ಲು ಕೊರೆಯುವ ಮೆಷಿನ್ ಬಂತೆಂದು ನೀನು ಮುಖ ಊದಿಸಿಕೊಂಡು ಊರು ಬಿಟ್ಟ ಮೇಲೆ, ಅದು ಎರಡು ತಿಂಗಳು ಬರೀ ಅಡುಗೆಮನೆ ಕಟ್ಟೆ ಕೊಯ್ದುಕೊಂಡಿತ್ತು. ಆಮೇಲೆ ವಾದ್ಯಸಂಘದವರು ಬಂದರು. ಅವರ ಮಹಡಿಗೆ ಸುರುಳಿ ಮೆಟ್ಟಿಲು ಬೇಕು, ಗ್ರಾನೈಟಿನದೇ ಆಗಬೇಕು, ಸಾನ್ ಶೊಆನ್ ಹಬ್ಬದೊಳಗೆ ಮುಗಿಯಬೇಕು. ಹದಿಮೂರು ಮೆಟ್ಟಿಲು, ಕೆಳಗಿನಿಂದ ನೋಡಿದರೆ ಹೊಟ್ಟೆಭಾಗ ಎಲ್ಲೂ ಮುರಿಯದೆ ತಿರುಚಿಕೊಂಡು ಹೋಗಬೇಕು. ಯಜಮಾನ ಫಾಂದಿನ್ಯೊ ನನ್ನನ್ನು ಕರೆದು, "ನೋಡಮ್ಮ ಒಬ್ದುಲಿಯಾ, ಇದನ್ನ ಕಂಪ್ಯೂಟರ್‌ನಲ್ಲಿ ನೀನೇ ಬಿಡಿಸು. ಸರಿಹೋದ್ರೆ ಇನ್ಮೇಲೆ ಬಾಗಿದ ಕೆಲ್ಸ ಎಲ್ಲಾ ನಿಂದು. ಕೆಟ್ರೆ ಪಟ್ಟಣದ ಆಫೀಸಿಗೆ ಕೊಡ್ತೀನಿ, ನೀನು ಮನೇಲಿರು" ಅಂದ. ಸಕ್ಕರೆ ಹಾಕಿ ವಿಷ ಕೊಡುವುದರಲ್ಲಿ ಅವನದು ಎತ್ತಿದ ಕೈ.

ಮೂವತ್ತೊಂದು ವರ್ಷ ನೆಲದ ಮೇಲೆ ಪೂರ್ತಿ ಅಳತೆಗೆ ಗೆರೆ ಎಳೆದು, ತಗಡಿನ ಅಚ್ಚು ಕತ್ತರಿಸಿ, ಕಲ್ಲು ಕೆತ್ತಲು ನಿನಗೆ ಕೊಟ್ಟವಳು ನಾನು. ಮಂಡಿ ನೋವು ಬಂದದ್ದೇ ಅದರಿಂದ. ಈಗ ಕುರ್ಚಿಯಲ್ಲಿ ಕೂತು ಅದೇ ಗೆರೆ! ಒಂದು ಬಾಗು ಎಳೆದೆ, ಅದನ್ನು ಕಂಬದ ಸುತ್ತ ತಿರುಗಿಸುತ್ತಾ ಮೇಲಕ್ಕೆ ಏರಿಸಿದೆ, ತಿರುಚಿದ ಹಾಳೆಯಂಥದೊಂದು ಹುಟ್ಟಿತು. ಆ ಹಾಳೆಯಿಂದ ಕಲ್ಲನ್ನು ಕೊಯ್ದು ತೆಗೆದಾಗ ಮೆಟ್ಟಿಲಿನ ಹೊಟ್ಟೆ ಪರದೆಯ ಮೇಲೆ ಹೊರಬಂತು ನೋಡು ಅಣ್ಣ, ನಾನು ಎದ್ದುನಿಂತು ಚಪ್ಪಾಳೆ ತಟ್ಟಿಬಿಟ್ಟೆ. ಮೆಷಿನ್ ನಡೆಸುವ ಹುಡುಗಿ ಇರಿಯಾ, "ಅಕ್ಕಾ, ಏನು ಲಾಟರಿ ಹೊಡೀತಾ?" ಅಂತ ಓಡಿ ಬಂದಳು.

ಹದಿಮೂರೂ ಕೊರೆದು ಮುಗಿದ ಮೇಲೆ, ಗಾರೆ ಹಾಕದೆ ಅಂಗಳದಲ್ಲೇ ಜೋಡಿಸಿ ನೋಡಿದೆವು. ಸಂಘದ ಮಹಡಿ ಎಷ್ಟು ಎತ್ತರವೋ ಅಷ್ಟಕ್ಕೆ ಒಂದು ಕಂಬಕ್ಕೆ ಕೆಂಪು ಗೆರೆ ಬಳಿದಿತ್ತು. ಕೊನೆಯ ಮೆಟ್ಟಿಲು ಆ ಗೆರೆಗಿಂತ ನಾಲ್ಕು ಬೆರಳು ಮೇಲೆ ನಿಂತಿತು. ಫಾಂದಿನ್ಯೊನ ಮುಖ ಕೆಂಪು ಗೆರೆಗಿಂತ ಕೆಂಪಾಯಿತು. ಇರಿಯಾ ಅಳತೆಪಟ್ಟಿ ಹಿಡಿದು ಒಂದೊಂದೇ ಕಲ್ಲು ನೋಡಿದಳು. ಪ್ರತಿ ಕಲ್ಲಿನ ಮೇಲ್ಮುಖದಲ್ಲಿ ಮೂರು ಮಿಲಿಮೀಟರ್, ಕೆಳಮುಖದಲ್ಲಿ ಮೂರು ಮಿಲಿಮೀಟರ್ ಜಾಸ್ತಿ. ಉಳಿಯವನು ಕೆತ್ತಿ ಕೂರಿಸಿಕೊಳ್ಳಲಿ ಅಂತ ತಗಡಿನ ಅಚ್ಚಿನಲ್ಲಿ ಯಾವಾಗಲೂ ಬಿಡುತ್ತಿದ್ದೆನಲ್ಲ, ಅಷ್ಟೇ. ಮೆಷಿನ್ ಪಾಪ, ಹೇಳಿದಷ್ಟನ್ನು ಹೇಳಿದ ಹಾಗೆ ಕೊರೆದಿತ್ತು. ಎಲ್ಲರೂ ನನ್ನ ಮುಖ ನೋಡಿದರು. "ಹಳೇ ಅಭ್ಯಾಸ" ಅಂದೆ.

ಸಂಘದ ದೊಡ್ಡ ಡೋಲು ಬಾರಿಸುವ ಸತುರ್ನಿನೊ ಅಲ್ಲೇ ಇದ್ದ. ನಿನಗೆ ಗೊತ್ತಲ್ಲ, ಅವನು ಉಳಿ ಕೆಳಗಿಟ್ಟು ಹತ್ತು ವರ್ಷವಾಯಿತು. "ಇರ್ಲಿ ಬಿಡ್ರೋ, ಕೊನೇಲಿ ಒಂದು ನೆಗೆತ ನೆಗೆದ್ರಾಯ್ತು. ನಮ್ಮ ತುತ್ತೂರಿಯವ್ರು ಹೇಗೂ ಎಲ್ಲಾ ಸ್ವರಾನೂ ಹಾಗೇ ಹಿಡಿಯೋದು" ಅಂದ. ಇರಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮತ್ತೆ ಮೆಷಿನ್ನಿಗೆ ಹಾಕೋಣವೆಂದರೆ, ಹೊಟ್ಟೆ ತಿರುಚಿದ ಕಲ್ಲನ್ನು ಅದರ ಇಕ್ಕಳ ಹಿಡಿಯುವುದಿಲ್ಲ. ಕೈಯಿಂದಲೇ ತೆಗೆಯಬೇಕು, ಹಬ್ಬಕ್ಕೆ ಉಳಿದದ್ದು ಹನ್ನೆರಡು ದಿನ. ಫಾಂದಿನ್ಯೊ ನಿನಗೆ ಫೋನ್ ಮಾಡಿದ. ನಿನಗೆ ಬಿಡುವಿರಲಿಲ್ಲ. ಇರಲಿ.

ಆಗ ಸತುರ್ನಿನೊ ನನ್ನ ಕಡೆ ತಿರುಗಿ, "ಬಿಟ್ಟೋಳೇ ತೆಗೀಲಿ. ಬಾ ಇಲ್ಲಿ, ಉಳಿ ಹಿಡಿ" ಅಂದ. ಅಪ್ಪ ನನಗೆ ಒಂದು ದಿನವೂ ಉಳಿ ಮುಟ್ಟಲು ಬಿಟ್ಟವನಲ್ಲ. ಗೆರೆ ಮಗಳದು, ಏಟು ಮಗನದು ಎಂದು ಹಂಚಿಟ್ಟಿದ್ದ. ಮೊದಲ ದಿನ ನನ್ನ ಹೆಬ್ಬೆರಳಿಗೇ ಬಿತ್ತು. "ಕಲ್ಲು ಆ ಕಡೆ ಇದೆ ಕಣಮ್ಮ" ಅಂದ ಮುದುಕ. ಐದನೇ ದಿನಕ್ಕೆ ಸಲೀಸಾಯಿತು. ಒಂಬತ್ತನೇ ದಿನ ನಾನು ತೆಗೆದ ಮುಖದ ಮೇಲೆ ಅವನು ಅಂಗೈ ಆಡಿಸಿ ಏನೂ ತಿದ್ದದೆ ಮುಂದಿನ ಕಲ್ಲಿಗೆ ಹೋದ. ಐವತ್ತೇಳು ವರ್ಷದಲ್ಲಿ ನನಗೆ ಅಂಥ ಹೊಗಳಿಕೆ ಸಿಕ್ಕಿರಲಿಲ್ಲ.

ಹಬ್ಬದ ಮುನ್ನಾದಿನ ಮಧ್ಯಾಹ್ನ ಮೆಟ್ಟಿಲು ಕೂತಿತು. ಕೂದಲೆಳೆ ತೂರದ ಹಾಗೆ ಕೂತಿತು! ಮಾರನೇ ದಿನ ಸಂಘದವರೆಲ್ಲ ಬಾರಿಸುತ್ತಲೇ ಹತ್ತಿದರು. ಸತುರ್ನಿನೊ ಡೋಲು ಹೊತ್ತು ಏದುಸಿರು ಬಿಡುತ್ತಾ ಮೇಲೆ ತಲುಪಿ, ನೆಗೆಯದೆಯೇ ಒಳಗೆ ಹೋದ. ಸುಟ್ಟ ಸಾರ್ಡೀನು, ಜೋಳದ ರೊಟ್ಟಿ, ವೈನು, ಕುಣಿತ. ಮಂಡಿನೋವಿನ ನಾನೂ ಕುಣಿದೆ. ಫಾಂದಿನ್ಯೊ ಎಲ್ಲರೆದುರು ಬಾಗಿದ ಕೆಲಸವೆಲ್ಲ ನನ್ನದೇ ಅಂತ ಕೂಗಿ ಹೇಳಿದ. ಮೂರು ಮಿಲಿಮೀಟರಿನ ಮಾತು ಮಾತ್ರ ಸಾಯುವ ತನಕ ಆಡಿಕೊಳ್ಳುತ್ತಾನೆ, ಆಡಿಕೊಳ್ಳಲಿ.

ಅತ್ತಿಗೆಗೆ ನನ್ನ ಮುತ್ತುಗಳು. ನಿನ್ನ ಕೈಕಾಲು ಗಟ್ಟಿಯಾಗಿರಲಿ, ಬಾರಿನ ಒಲೆ ಆರದಿರಲಿ, ದೇವರು ನಿನ್ನ ಸಿಡುಕನ್ನಷ್ಟು ಕಡಿಮೆ ಮಾಡಲಿ.

ನಿನ್ನ ತಂಗಿ,
ಒಬ್ದುಲಿಯಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಾರದ ಮಾತು. ಅದು ಹಳೇ ಅಭ್ಯಾಸವಾಗಿರಲಿಲ್ಲ ಅಣ್ಣ. ಆ ಮೂರು ಮಿಲಿಮೀಟರನ್ನು ನಾನು ಬೇಕೆಂದೇ ಬಿಟ್ಟೆ. ಕೈಕೆಲಸ ಉಳಿದರೆ ನಿನ್ನನ್ನು ಕರೆಯಲೇಬೇಕಾಗುತ್ತದೆ, ಕರೆದರೆ ನೀನು ಬರುತ್ತೀಯ ಎಂದುಕೊಂಡೆ. ನನ್ನ ಕೆಲಸ ಹೋದರೂ ಹೋಗಲಿ ಎಂದುಕೊಂಡೇ ಬಿಟ್ಟೆ. ಫಾಂದಿನ್ಯೊ ಫೋನ್ ಮಾಡಿದಾಗ ಪಕ್ಕದಲ್ಲೇ ನಿಂತಿದ್ದೆ. "ನನ್ನ ಜಾಗದಲ್ಲಿ ಕೂತಿದ್ದಾಳಲ್ಲ, ಅವಳನ್ನೇ ಕೇಳು" ಅಂದೆ ನೀನು. ನಾನು ಕೂತದ್ದು ನನ್ನ ಜಾಗದಲ್ಲೇ, ಅಣ್ಣ. ನಿನ್ನ ಜಾಗವನ್ನು ಪ್ರತಿ ಕಲ್ಲಿನಲ್ಲೂ ಮೇಲೊಂದಿಷ್ಟು ಕೆಳಗೊಂದಿಷ್ಟು ಬಿಟ್ಟು ಕಾದೆ. ನೀನು ಬರಲಿಲ್ಲ, ಅದನ್ನು ನಾನೇ ನನ್ನ ಕೈಯಾರೆ ಕೆತ್ತಿ ತೆಗೆಯಬೇಕಾಯಿತು.