ಹಿಂದಕ್ಕೆ ತಿರುವಿದ ಹಾಳೆಗಳು

ತಾರೀಕು ಹದಿನಾರು, ಶುಕ್ರವಾರ
ಗ್ರಂಥಾಲಯದ ಓದುವ ಕೋಣೆ

ಪ್ರೀತಿಯ ಅಕ್ಕ,

ಹೇಗಿದ್ದೀಯ? ಭಾವನ ಬೆನ್ನುನೋವು ಕಡಿಮೆಯಾಯಿತೇ? ನಿನ್ನ ಎರಡೂ ಪತ್ರಗಳು ನನ್ನ ಕೈಸೇರಿದ್ದು ಮೊನ್ನೆ. ಹಳೆಯ ರೂಮಿನ ಓನರಮ್ಮ ಅವನ್ನು ಗೋಡೆ ಗಡಿಯಾರದ ಹಿಂದೆ ಸಿಕ್ಕಿಸಿ ಮರೆತುಬಿಟ್ಟಿದ್ದರು. ತಡವಾಯಿತೆಂದು ಬೈಯಬೇಡ. ಬೈದರೂ ಪರವಾಗಿಲ್ಲ, ನಿನ್ನ ಬೈಗುಳ ಕೇಳಿಯೂ ಬಹಳ ದಿನವಾಯಿತು. ಯಾರೋ ನಿಮ್ಮ ಬಾಗಿಲಲ್ಲಿ ಬಣ್ಣದ ಪೆನ್ಸಿಲ್ ಡಬ್ಬಿ ಇಟ್ಟುಹೋಗಿದ್ದಾರೆ, ಪುಟ್ಟಿ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಾಳೆ ಎಂದು ಬರೆದಿದ್ದೀಯ. ಆ ಸಾಲನ್ನು ನಾಲ್ಕು ಸಲ ಓದಿದೆ.

ನಾನು ಆ ರೂಮು ಬಿಟ್ಟು ಎರಡೂವರೆ ತಿಂಗಳಾಯಿತು. ಓನರಮ್ಮನ ಮಗನಿಗೆ ರೂಮು ಬೇಕಾಯಿತು. ಬೇರೆ ರೂಮು ಹುಡುಕುವ ಹೊತ್ತಿಗೆ ನನ್ನ ಟ್ಯೂಷನ್ ಕೆಲಸವೂ ಹೋಯಿತು. ರಾತ್ರಿ ರೈಲು ನಿಲ್ದಾಣದ ಹೆಂಗಸರ ಕೋಣೆಯಲ್ಲಿ ಬ್ಯಾಗು ತಬ್ಬಿಕೊಂಡು ಎಚ್ಚರವಿರುತ್ತಿದ್ದೆ. ಹಗಲು ಇಲ್ಲಿಗೆ ಬರುತ್ತಿದ್ದೆ. ಸಾಹಿತ್ಯ ಓದಿದವಳು ಗ್ರಂಥಾಲಯದಲ್ಲಿ ಕೂತರೆ ಯಾರಿಗೆ ಅನುಮಾನ? ಕಷ್ಟವಾದದ್ದು ನಿದ್ದೆ.

ಇಲ್ಲಿ ನಿದ್ದೆ ಮಾಡುವಂತಿಲ್ಲ. ಅಟೆಂಡರ್ ಗಂಟೆಗೆರಡು ಸಲ ಸುತ್ತು ಬಂದು, ತೂಕಡಿಸುವವರ ಮೇಜನ್ನು ಬೀಗದ ಕೈ ಗೊಂಚಲಿನಿಂದ ತಟ್ಟುತ್ತಾರೆ. ಮೂರನೇ ಸಲ ಸಿಕ್ಕಿಬಿದ್ದವರನ್ನು ಮತ್ತೆ ಒಳಗೆ ಬಿಡುವುದಿಲ್ಲ. ನಾನು ಮೊದಲ ವಾರದಲ್ಲೇ ಎರಡು ಸಲ ಸಿಕ್ಕಿಬಿದ್ದೆ.

ಆಗ ಎದುರು ಕುರ್ಚಿಯ ಅಜ್ಜಿ ಮೇಜಿನ ಮೇಲೆ ಬಾಗಿದಳು. "ಏ ಹುಡುಗಿ, ತಲೆ ಬಗ್ಗಿಸಿದ್ರೆ ಓದ್ತಿದಾಳೆ ಅನ್ಕೋತಾರೆ. ಹಾಳೆ ತಿರುಗದೆ ಇದ್ರೇನೇ ಗೊತ್ತಾಗೋದು. ನೀನು ಮಲಗು, ನಾನು ತಿರುವ್ತೀನಿ. ಆಮೇಲೆ ನಂಗೆ ನೀನು."

ಅವಳು ಟೈಲರ್ ಅಂಗಡಿಯೊಂದರಲ್ಲಿ ಗುಂಡಿ ಹೊಲಿಯುತ್ತಿದ್ದವಳು. ಅಂಗಡಿಯ ಹಿಂದಿನ ಕೋಣೆಯೇ ಅವಳ ಮನೆ. ಅಂಗಡಿ ಮುಚ್ಚಿತು, ಜೊತೆಗೆ ಮನೆಯೂ. ಅವಳಿಗೆ ಓದು ಬರುವುದಿಲ್ಲ. "ಅಷ್ಟು ಓದಿ ನಿಂಗೂ ಮಲಗೋಕೆ ಜಾಗ ಇಲ್ಲ, ಒಂದಕ್ಷರ ಓದದೆ ನಂಗೂ ಇಲ್ಲ. ಇಬ್ರೂ ಒಂದೇ ಕ್ಲಾಸು ಬಿಡು" ಎಂದು ನಗುತ್ತಿದ್ದಳು.

ಮೊದಲ ದಿನ ನೂರಹನ್ನೆರಡನೇ ಪುಟ ತೆರೆದಿಟ್ಟುಕೊಂಡು ಮಲಗಿದೆ. ಎದ್ದಾಗ ಎಂಬತ್ತೆಂಟರಲ್ಲಿದ್ದೆ.

"ಅಜ್ಜಿ, ಹಿಂದಕ್ಕೆ ತಿರುವಿದ್ದೀರಿ."

"ಎಲ್ರೂ ಬಲಗಡೆಯಿಂದ ತಾನೆ ತಿರುವೋದು? ನಾನೂ ನನ್ನ ಬಲಗಡೆಯಿಂದಾನೇ ತಿರುವಿದೆ." ಎದುರು ಕೂತವಳ ಬಲ ನನಗೆ ಎಡವೆಂದು ವಿವರಿಸಿದೆ. "ನಿದ್ದೆ ಬಂತೋ ಇಲ್ವೋ?" ಎಂದಳು. ಬಂದಿತ್ತು ಅಕ್ಕ. ಅಷ್ಟು ಒಳ್ಳೆಯ ನಿದ್ದೆ ನಮ್ಮಮ್ಮ ಹೋದ ಮೇಲೆ ಬಂದೇ ಇರಲಿಲ್ಲ. ನಾನು ಅವಳನ್ನು ಮತ್ತೆ ತಿದ್ದಲಿಲ್ಲ.

ಕಳೆದ ಸೋಮವಾರ ಒಂದು ಮುದ್ರಣಾಲಯದಿಂದ ಕರೆ ಬಂತು, ಕರಡು ತಿದ್ದುವ ಕೆಲಸಕ್ಕೆ. "ಮಧ್ಯಾಹ್ನದೊಳಗೆ ಬಂದ್ಬಿಡ್ತೀನಿ, ಅಲ್ಲೀವರೆಗೆ ಮಲಗಬೇಡಿ ಅಜ್ಜಿ" ಎಂದು ಹೇಳಿ ಹೋದೆ. ಅವಳೂ ಅದಾಗಲೇ ಎರಡು ಸಲ ಸಿಕ್ಕಿಬಿದ್ದವಳು. ಅಲ್ಲಿ ಮೂರೂವರೆಯಾಯಿತು. ಕೆಲಸ ಸಿಕ್ಕಿತು, ಅದೇ ಕಟ್ಟಡದ ಮಹಡಿಯ ಮೇಲೊಂದು ಪುಟ್ಟ ರೂಮಿನ ಬೀಗದ ಕೈಯೂ ಸಿಕ್ಕಿತು. ಅದನ್ನು ಅಜ್ಜಿಗೆ ತೋರಿಸಬೇಕೆಂದು ಓಡಿಬಂದೆ. ಕುರ್ಚಿ ಖಾಲಿಯಿತ್ತು. ತೆರೆದ ಪುಸ್ತಕ ಹಾಗೇ ಇತ್ತು.

"ತಪಾಸಣೆಗೆ ಮೇಲಿನವರು ಬಂದಿದ್ರಮ್ಮ, ತೂಕಡಿಸ್ತಾ ಅವರ ಕಣ್ಣಿಗೇ ಬಿದ್ಲು" ಎಂದರು ಅಟೆಂಡರ್. "ನಾನೊಬ್ಬನೇ ಆಗಿದ್ರೆ ಸುಮ್ನಿರ್ತಿದ್ದೆ. ಎರಡು ತಿಂಗಳಿಂದ ಪುಸ್ತಕ ಹಿಂದಕ್ಕೆ ಓಡ್ತಿದ್ದದ್ದು ನಾನು ನೋಡಿಲ್ಲ ಅನ್ಕೊಂಡ್ರಾ?"

ಐದು ದಿನದಿಂದ ಹುಡುಕುತ್ತಿದ್ದೇನೆ. ನಿಲ್ದಾಣದಲ್ಲಿಲ್ಲ, ಮಾರುಕಟ್ಟೆಯಲ್ಲಿಲ್ಲ, ಟೈಲರ್ ಅಂಗಡಿಯಿದ್ದ ಬೀದಿಯಲ್ಲೂ ಇಲ್ಲ. ರೂಮಿನಲ್ಲಿ ಮಂಚವಿದೆ, ಒಳಗಿನಿಂದ ಚಿಲಕವಿದೆ, ನಿದ್ದೆ ಮಾತ್ರ ಇಲ್ಲ. ಅವಳ ಹೆಸರನ್ನೂ ನಾನು ಕೇಳಿರಲಿಲ್ಲ. ಇವತ್ತು ಒಂದು ಹಾಳೆಯಲ್ಲಿ ಗ್ರಂಥಾಲಯದ ಗೇಟಿನಿಂದ ನನ್ನ ರೂಮಿನವರೆಗೆ ದಾರಿಯ ಚಿತ್ರ ಬರೆದು ಅಟೆಂಡರ್ ಕೈಗೆ ಕೊಟ್ಟಿದ್ದೇನೆ. ಗೇಟಿಗೆ ಬಂದರೆ ಕೊಡುತ್ತಾರಂತೆ. ಎಡಬಲ ತಪ್ಪಬಾರದೆಂದು ಅವಳ ಕುರ್ಚಿಯಲ್ಲೇ ಕೂತು ಬರೆದೆ.

ಈ ಪತ್ರವನ್ನೂ ಅದರಲ್ಲೇ ಕೂತು ಬರೆಯುತ್ತಿದ್ದೇನೆ. ಭಾವನಿಗೆ ನನ್ನ ನಮಸ್ಕಾರ ಹೇಳು. ಪುಟ್ಟಿಗೆ ಎರಡು ಮುತ್ತು. ನೀವು ಮೂವರೂ ತಣ್ಣಗಿರಿ.

ನಿನ್ನ
ತಂಗಿ

ತಾ.ಕ.: ಇದನ್ನು ಬರೆಯದೆ ಪತ್ರ ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ರೂಮು ಬಿಟ್ಟ ದಿನ ನಾನು ಮೊದಲು ಬಂದದ್ದು ನಿಮ್ಮ ಮನೆಗೆ. ಅಡುಗೆಮನೆಯ ಕಿಟಕಿ ತೆರೆದಿತ್ತು. "ರೂಮು ಬಿಡಬೇಕು ಅಂತ ಬರೆದಿದಾಳೆ. ಇಲ್ಲಿಗೇ ಬಂದ್ಬಿಟ್ರೆ ಏನ್ರೀ ಮಾಡೋದು?" ಎಂದು ನೀನು ಕೇಳುತ್ತಿದ್ದೆ. "ಬಂದ್ರೆ ಬರ್ಲಿ ಬಿಡೇ" ಎಂದರು ಭಾವ. ನೀನು ಏನಾದರೂ ಹೇಳುತ್ತೀಯೆಂದು ಬಹಳ ಹೊತ್ತು ನಿಂತಿದ್ದೆ. ಪಾತ್ರೆ ತೊಳೆಯುವ ಸದ್ದು ಮಾತ್ರ ಕೇಳುತ್ತಿತ್ತು. ಇರುವುದೇ ಎರಡು ಕೋಣೆ ಅಕ್ಕ, ನನಗೆ ಗೊತ್ತು. ಪುಟ್ಟಿಗೆಂದು ತಂದದ್ದನ್ನು ಬಾಗಿಲಲ್ಲಿಟ್ಟು ಬಂದೆ.